ನೆಟ್ಟಗೆ ನಿಂತ ನಾಲ್ಕು ಗೀಟು

ಬಂಗಾರಪೇಟೆಯ ಹಾರ್ಡ್‌ವೇರ್ ಅಂಗಡಿಯವನು ನಾನು ಕೊಟ್ಟ ಹಳೇ ಸ್ಕ್ರೂವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದ. "ಇದೇ ಸೈಜು ಕಣಣ್ಣ. ಸ್ಟಾರ್ ತಲೇದು ಐತೆ, ತಗೊಂಡೋಗು. ಈ ಗೀಟಿಂದು ಈಗ ಯಾರ್ ಕೇಳ್ತಾರೆ?" ಎಂದ. ನಾನು ಮೂರು ಸ್ಟಾರ್ ಸ್ಕ್ರೂ ತೆಗೆದುಕೊಂಡೆ. ಮಾದರಿಗೆಂದು ಒಯ್ದಿದ್ದ ಮೂರು ಹಳೆಯವನ್ನು ಅವನು ಕಾಗದದಲ್ಲಿ ಸುತ್ತಿ ವಾಪಸು ಕೊಟ್ಟ. ಆ ಪೊಟ್ಟಣವನ್ನು ಅಲ್ಲೇ ಚರಂಡಿಗೆ ಎಸೆಯದೆ ಚೀಲಕ್ಕೆ ಹಾಕಿಕೊಂಡದ್ದು ನನ್ನ ಜಾಣತನವೇನಲ್ಲ, ಬರೀ ಸೋಮಾರಿತನ. ನಾಲ್ಕು ದಿನಗಳ ಮೇಲೆ ಒಬ್ಬ ಮನುಷ್ಯನ ಜೀವ ಆ ಪೊಟ್ಟಣಕ್ಕೆ ಬಂದು ನಿಂತಿತು.

ಆಂಡರ್ಸನ್‌ಪೇಟೆಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಅಂಗಡಿಯ ಹಿಂದೆ ಒಂದು ಕೈವಿಂಚು ಇದೆ. ಇಲ್ಲಿಯ ಚಿನ್ನದ ಗಣಿ ಮುಚ್ಚಿದ ಮೇಲೆ ಗುಜರಿಗೆ ಬಂದದ್ದನ್ನು ನನ್ನ ಮಾವ ಗುರುತು ಹಿಡಿದು ಕೊಡಿಸಿದ್ದರು. ಸುತ್ತಲಿನ ಕೆರೆಗಳಿಗೆ ನೀರು ಬಂದ ಮೇಲೆ, ಎಷ್ಟೋ ವರ್ಷ ಕಸ ತುಂಬಿ ಸತ್ತಂತಿದ್ದ ತೆರೆದ ಬಾವಿಗಳಲ್ಲಿ ಮತ್ತೆ ಒರತೆ ಕಾಣಿಸಿಕೊಂಡಿದೆ. ಹೂಳು ತೆಗೆಸುವವರು ಹೆಚ್ಚಾಗಿದ್ದಾರೆ. ಕೆಲಸ ಸಿಕ್ಕಾಗ ವಿಂಚಿನ ಜೊತೆ ನಾನೂ ಹೋಗಿ ಬ್ರೇಕಿನ ಪಕ್ಕ ನಿಲ್ಲುತ್ತೇನೆ.

ಈ ವಿಂಚಿನಲ್ಲಿ ಗುಟ್ಟೇನೂ ಇಲ್ಲ. ತಂತಿಹಗ್ಗ ಸುತ್ತುವ ಒಂದು ಉರುಳೆ, ಅದಕ್ಕೆ ಅಂಟಿಕೊಂಡ ದೊಡ್ಡ ಗಾಲಿ, ಎರಡೂ ಪಕ್ಕ ತಿರುಗಿಸುವ ಹಿಡಿಕೆ, ಇಳಿಸುವಾಗ ಓಟ ತಡೆಯಲು ಒಂದು ಬ್ರೇಕು. ಒಂದೊಂದು ಹಿಡಿಕೆಗೆ ಇಬ್ಬಿಬ್ಬರು. ಮೇಲಕ್ಕೆ ಎಳೆಯುವಾಗ ಹಲ್ಲುಚಕ್ರದ ಮೇಲೆ ಒಂದು ಕಬ್ಬಿಣದ ಕೊಕ್ಕೆ ಟಕ್ ಟಕ್ ಎಂದು ಬೀಳುತ್ತಾ ಹೋಗುತ್ತದೆ. ತಿರುಗಿಸುವವರು ಕೈ ಬಿಟ್ಟರೂ ಭಾರ ಹಿಂದಕ್ಕೆ ಜಾರದಂತೆ ಹಿಡಿಯುವುದು ಆ ಕೊಕ್ಕೆ. ಕೊಕ್ಕೆ ಆಡುವುದು ಒಂದು ಪಿನ್ನಿನ ಮೇಲೆ. ಪಿನ್ನು ಆಚೆ ಬರದಂತೆ ತಡೆಯುವುದು ಅಂಗೈಯಷ್ಟೂ ಇಲ್ಲದ ಒಂದು ಉಕ್ಕಿನ ಪಟ್ಟಿ. ಆ ಪಟ್ಟಿಯನ್ನು ಹಿಡಿದಿರುವುದು ನಾಲ್ಕು ಸ್ಕ್ರೂ.

ನನ್ನ ಮಾವ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದವರು, ಈಗಲೂ ಗಣಿ ಕೆಲಸಗಾರರ ಮನೆಸಾಲಾದ ಊರಿಗಾಂ ಲೈನಿನಲ್ಲೇ ಇದ್ದಾರೆ. ಅವರ ಕಾಲದ ಸ್ಕ್ರೂಗಳಿಗೆ ತಲೆಯ ಮೇಲೆ ಒಂದೇ ಗೀಟು. ಬಿಗಿ ಮಾಡಿದ ಮೇಲೆ ಎಲ್ಲ ಗೀಟುಗಳೂ ನೆಟ್ಟಗೆ, ಮೇಲಿಂದ ಕೆಳಕ್ಕೆ ನಿಂತಿರಬೇಕು. ಇದು ಅವರ ವರ್ಕ್‌ಶಾಪಿನ ಕಟ್ಟಳೆ. ಯಾವ ಸ್ಕ್ರೂ ಯಾವ ತೂತಿನಲ್ಲಿ ಬಿಗಿಯಾದಾಗ ನೆಟ್ಟಗೆ ನಿಲ್ಲುತ್ತದೋ ಅದು ಆ ತೂತಿನದೇ. ಬೆರಕೆಯಾಗದಿರಲೆಂದು ತಲೆಯ ಅಂಚಿಗೂ ತೂತಿನ ಪಕ್ಕಕ್ಕೂ ಒಂದು, ಎರಡು, ಮೂರು, ನಾಲ್ಕು ಚುಕ್ಕೆ ಗುದ್ದಿರುತ್ತಿದ್ದರು. ಹೊಸದಾಗಿ ಅಳಿಯನಾಗಿದ್ದಾಗ ನಾನು ಇದನ್ನು ಕೇಳಿ, ಸ್ಕ್ರೂಗೆ ಬೈತಲೆ ತೆಗೆದು ಕೂರಿಸುತ್ತೀರಲ್ಲ ಎಂದು ನಕ್ಕಿದ್ದೆ. ಮಾವ ನಗಲಿಲ್ಲ.

ಈ ಸಲ ಕೆಲಸ ಬೇತಮಂಗಲದ ದಾರಿಯ ಒಂದು ಹಳ್ಳಿಯಲ್ಲಿತ್ತು. ಹೊರಡುವ ಹಿಂದಿನ ದಿನ ವಿಂಚನ್ನು ಬಿಚ್ಚಿ ಗ್ರೀಸು ಹಾಕಲು ಕೂತೆ. ಆಗಷ್ಟೇ ಬ್ಯಾಟರಿಯಲ್ಲಿ ಓಡುವ ಡ್ರಿಲ್ಲು ಕೊಂಡಿದ್ದೆ. ಹೊಸದಾಗಿ ಬಂದ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವಂತೆ ಕಂಡ ಕಂಡದ್ದಕ್ಕೆಲ್ಲ ಅದನ್ನೇ ಹಿಡಿಯುತ್ತಿದ್ದೆ. ಆ ನಾಲ್ಕು ಸ್ಕ್ರೂಗಳಿಗೂ ಹಿಡಿದೆ. ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಉಕ್ಕಿನ ಕಡ್ಡಿ, ಅದರ 'ಬಿಟ್', ಕಿರಿದಾಗಿದ್ದರಿಂದ ಅಗಲ ಗೀಟಿನಲ್ಲಿ ನಿಲ್ಲದೆ ಜಾರಿ ಜಾರಿ ಮೂರು ತಲೆಗಳ ಅಂಚನ್ನು ತಿಂದುಹಾಕಿತು. ನಾಲ್ಕನೆಯದು ಕೈಯಲ್ಲೇ ಸಡಿಲಾಗಿ ಬಂದದ್ದರಿಂದ ಉಳಿಯಿತು.

ಸಂಜೆ ಬಂಗಾರಪೇಟೆಯಿಂದ ತಂದ ಹೊಸ ಸ್ಟಾರ್ ಸ್ಕ್ರೂಗಳನ್ನು ಹಾಕುವಾಗ ಮಾವ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು. ಡ್ರಿಲ್ಲು ಗುರ್ರೆಂದು ಓಡಿ, ಬಿಗಿಯಾಯಿತೆಂದು ತಾನೇ ಟರ್ ಟರ್ ಎಂದು ನಿಂತಿತು.

"ಅಳಿಯಂದ್ರೇ, ಕೈಯಲ್ಲಿ ತಿರುಗ್ಸಿ. ಕೈಗೆ ಗೊತ್ತಾಗೋದು ಮಿಷಿನ್‌ಗೆ ಗೊತ್ತಾಗಲ್ಲ," ಎಂದರು.

"ಬಿಗಿ ಆಗೈತೆ ಮಾವ. ನಿಮ್ಮ ಕಾಲ ಓಯ್ತು."

"ಸರಿ ಪಾ," ಎಂದರು. ಹೊರಡುವಾಗ ಮಾತ್ರ, ಅಂಗಡಿಯಲ್ಲೇ ನನ್ನ ಬಳಕೆಗೆ ಬಿಟ್ಟಿದ್ದ ತಮ್ಮ ದೊಡ್ಡ ತಿರುಪುಳಿಯನ್ನು, ಸ್ಕ್ರೂಡ್ರೈವರಿಗೆ ಅವರು ಹಾಗೇ ಅನ್ನುವುದು, ನನ್ನ ಚೀಲಕ್ಕೆ ತುರುಕಿದರು. ಮೊಟ್ಟೆಯಾಕಾರದ ಮರದ ಹಿಡಿ, ಚೌಕನೆಯ ಉಕ್ಕಿನ ಕಂಬಿ, ಹೆಬ್ಬೆರಳಗಲದ ತುದಿ. ಅದು ನನಗೆ ಉಪಯೋಗಕ್ಕೆ ಬರುತ್ತಿದ್ದದ್ದು ಗ್ರೀಸ್ ಡಬ್ಬದ ಮುಚ್ಚಳ ಮೀಟಲು. ಮೀಟಿ ಮೀಟಿ ಅದರ ಒಂದು ಮೂಲೆ ಮುರಿದಿತ್ತು. ಮಾವನಿಗೆ ಅದನ್ನು ಹೇಳಿರಲಿಲ್ಲ.

ಬಾವಿ ಸುಮಾರು ಅರವತ್ತು ಅಡಿ. ಮೇಲಿನ ಇಪ್ಪತ್ತು ಅಡಿ ಕಲ್ಲು ಕಟ್ಟಡ, ಅದರಲ್ಲಿ ಚಾಚಿಕೊಂಡ ಮೆಟ್ಟಿಲುಗಲ್ಲು. ಅದರ ಕೆಳಗೆ ಬರೀ ಬಂಡೆ, ಹತ್ತಲು ಇಳಿಯಲು ಏನೂ ಇಲ್ಲ. ಹೂಳು ತೆಗೆಯಲು ಬಂದಿದ್ದ ಮೇಸ್ತ್ರಿ ನಲವತ್ತರ ಸಣಕಲು ಮನುಷ್ಯ. ತಳದಲ್ಲಿ ನಿಂತು ಕೆಸರು ತುಂಬುವವನು ಅವನೇ. ಮೇಲೆ ಹಿಡಿಕೆ ತಿರುಗಿಸುವವರಲ್ಲಿ ಮೊದಲಿನವಳು ಅವನ ಹೆಂಡತಿ, ಜೊತೆಗೆ ಮೂವರು ಆಳುಗಳು. ಆಳು ನಿಲ್ಲುವಷ್ಟು ದೊಡ್ಡ ಕಬ್ಬಿಣದ ಬಕೆಟ್ಟಿನಲ್ಲಿ ಮೇಸ್ತ್ರಿ ಇಳಿಯುತ್ತಿದ್ದ, ಅದೇ ಬಕೆಟ್ಟಿನಲ್ಲಿ ಕೆಸರು ಮೇಲೆ ಬರುತ್ತಿತ್ತು.

ಮೊದಲ ದಿನ ಟೀ ಕುಡಿಯುತ್ತಾ ನಾನು ಗಣಿಯ ಕಥೆ ಬಿಟ್ಟೆ. ಫಿಟ್ಟರು ತಾನೇ ನೋಡಿ 'ಇಳೀಬೋದು' ಅನ್ನುವ ತನಕ ಒಬ್ಬನೂ ಒಳಕ್ಕೆ ಕಾಲಿಡುತ್ತಿರಲಿಲ್ಲ, ರಿಪೇರಿ ಮಾಡಿದ ಮೇಲಂತೂ ಮೊದಲು ಇಳಿಯಬೇಕಾದವನು ರಿಪೇರಿ ಮಾಡಿದ ಫಿಟ್ಟರೇ, ಎಂದೆಲ್ಲ ಹೇಳಿದೆ. ಅಷ್ಟೆಲ್ಲ ಹೇಳಿದ ಗಂಡು ನಾನು ಬಕೆಟ್ಟಿಗೆ ಕಾಲಿಟ್ಟೆನೇ? ಇಲ್ಲ. ಬ್ರೇಕಿನ ಪಕ್ಕ ನಿಂತು, "ಇಳಿ ಮೇಸ್ತ್ರಿ," ಎಂದೆ. ಅವನು ಹಗ್ಗಕ್ಕೆ ಕೈಮುಗಿದು ಇಳಿದ. ಮೇಸ್ತ್ರಿಯ ಹೆಂಡತಿ ನನ್ನ ಮುಖವನ್ನೇ ನೋಡಿದಳು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ.

ಮೂರು ದಿನ ಕೆಲಸ ನಡೆಯಿತು, ಆದರೆ ಸುಸೂತ್ರವಾಗಿ ಅಲ್ಲ. ಎರಡನೇ ದಿನ ಬ್ರೇಕಿನ ಪಟ್ಟಿಗೆ ಕೆಸರು ನೀರು ಇಳಿದು ಹಿಡಿತ ತಪ್ಪಿತು. ಬಿಚ್ಚಿ, ಒಣಗಿಸಿ, ಮತ್ತೆ ಕಟ್ಟಿದರೂ ಖಾಲಿ ಬಕೆಟ್ಟನ್ನು ಹಿಡಿದಷ್ಟು ಗಟ್ಟಿಯಾಗಿ ತುಂಬಿದ ಬಕೆಟ್ಟನ್ನು ಹಿಡಿಯುತ್ತಿರಲಿಲ್ಲ. ಮೂರನೇ ದಿನ, ತಳದ ನೀರನ್ನು ಹೊರಹಾಕುತ್ತಿದ್ದ ಮೋಟಾರಿನ ಬಾಯಿಗೆ ಬಟ್ಟೆ ಸಿಕ್ಕಿ ನಿಂತಿತು. ಒರತೆ ಜೋರಾಗಿದ್ದರಿಂದ ಮೋಟಾರು ಓಡುತ್ತಿದ್ದರಷ್ಟೇ ತಳ ಕಾಣುತ್ತಿತ್ತು. ನಿಂತರೆ ಒಂದು ಗಂಟೆಯೊಳಗೆ ಸೊಂಟದವರೆಗೆ ನೀರು, ನೀರಿನ ಕೆಳಗೆ ಕಾಲನ್ನು ಬಿಡದ ಹೂಳು. ಹಾಗಾಗಿ ತ್ರೀ ಫೇಸ್ ಕರೆಂಟು ಇರುವ ಹೊತ್ತಿನಲ್ಲೇ ಎಲ್ಲ ಮುಗಿಸಬೇಕಿತ್ತು.

ನಾಲ್ಕನೇ ದಿನ ಮಧ್ಯಾಹ್ನ ಮೇಸ್ತ್ರಿ ಊಟಕ್ಕೆ ಮೇಲೆ ಬರುವ ಹೊತ್ತು. ಬಕೆಟ್ಟಿನಲ್ಲಿ ನಿಂತು ಹಗ್ಗ ಅಲ್ಲಾಡಿಸಿದ. ನಾಲ್ವರೂ ತಿರುಗಿಸತೊಡಗಿದರು. ಬಕೆಟ್ಟು ತಳ ಬಿಟ್ಟು ಇಪ್ಪತ್ತು ಅಡಿಯಷ್ಟು ಮೇಲೆ ಬಂದಿರಬೇಕು, ಕೊಕ್ಕೆಯ ಸದ್ದು ನನ್ನ ಕಿವಿಗೆ ಬೇರೆಯಾಗಿ ಕೇಳಿತು. ಟಕ್ ಎನ್ನಬೇಕಾದದ್ದು ಟಕ್ಕಟ ಎನ್ನುತ್ತಿತ್ತು. ಬಗ್ಗಿ ನೋಡಿದೆ. ಪಟ್ಟಿಯ ಮೇಲೆಲ್ಲ ಕೆಸರು ಸಿಡಿದು ಮೆತ್ತಿಕೊಂಡಿತ್ತು. ಹೆಬ್ಬೆರಳಲ್ಲಿ ಒರೆಸಿದೆ.

ಮೂರು ಸ್ಟಾರ್ ತಲೆಗಳೂ ನಾನು ಹಾಕಿದ ದಿನ ಹೇಗಿದ್ದವೋ ಹಾಗೇ ಕಂಡವು. ನಾಲ್ಕನೆಯದು, ಹಳೇ ಗೀಟಿನ ಸ್ಕ್ರೂ, ಓರೆಯಾಗಿತ್ತು. ನೆಟ್ಟಗಿರಬೇಕಾದ ಗೀಟು ಗಡಿಯಾರದ ಹತ್ತು ಗಂಟೆಯ ಮುಳ್ಳಿನ ಹಾಗೆ ಮಲಗಿತ್ತು. ಪಟ್ಟಿಯ ಅಡಿಯಲ್ಲಿ ಉಗುರು ತೂರುವಷ್ಟು ಸಂದು. ಆ ಸಂದಿನಲ್ಲಿ ಪಿನ್ನಿನ ತಲೆ ಹೊಳೆಯುತ್ತಿತ್ತು.

"ನಿಲ್ಸಿ! ಯಾರೂ ಕೈ ಬಿಡ್‌ಬೇಡಿ!" ಎಂದು ಕೂಗಿದೆ.

ಸ್ಟಾರ್ ಸ್ಕ್ರೂ ಕಾಲು ಸುತ್ತು ತಿರುಗಿದರೆ ಮತ್ತೆ ಮೊದಲಿನ ಹಾಗೇ ಕಾಣುತ್ತದೆ. ಕಾಲು ಸುತ್ತೋ, ಎರಡು ಸುತ್ತೋ, ಕಣ್ಣಿಗೆ ಲೆಕ್ಕವೇ ಸಿಗುವುದಿಲ್ಲ. ಗೀಟಿನ ಸ್ಕ್ರೂ ಕೂದಲೆಳೆಯಷ್ಟು ಅಲುಗಿದರೂ ದೂರದಿಂದಲೇ ಗೊತ್ತಾಗುತ್ತದೆ. ಮಾವನ ಬೈತಲೆಯ ಅರ್ಥ ನನಗೆ ಆದದ್ದು ಆ ಕ್ಷಣ. ಉಗುರಿನಿಂದ ಮೀಟಿದ್ದೇ ತಡ, ಒಂದು ಸ್ಟಾರ್ ಸ್ಕ್ರೂ ಬೆರಳಿಗೇ ತಿರುಗಿತು. ಆಗಲೇ ಇನ್ನೊಂದೂ ಹೊಳೆಯಿತು. ಗಣಿಯ ಸಾಮಾನಿನ ಥ್ರೆಡ್ಡೆಲ್ಲ, ಸ್ಕ್ರೂ ಮೈಮೇಲಿನ ತಿರುಪಿನ ಸುತ್ತುಗಳು, ಅಂಗುಲದ ಲೆಕ್ಕದ ಹಳೇ ಕಾಲದ್ದು. ಅಂಗಡಿಯಲ್ಲಿ ಈಗ ಸಿಗುವುದು ಮಿಲಿಮೀಟರಿನದು. ದಪ್ಪ ಹೆಚ್ಚುಕಡಿಮೆ ಒಂದೇ, ಸುತ್ತುಗಳ ಅಂತರ ಬೇರೆ. ಮೂರು ಸುತ್ತು ಒಳಗೆ ಹೋಗಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಬಿಗಿಯಾದಂತೆ ನಟಿಸುತ್ತದೆ. ಕೈಯಲ್ಲಿ ತಿರುಗಿಸಿದ್ದರೆ ಮಣಿಕಟ್ಟಿಗೆ ತಿಳಿಯುತ್ತಿತ್ತು. ಡ್ರಿಲ್ಲಿಗೆ ತಿಳಿಯಲಿಲ್ಲ.

ಹಿಡಿಕೆಯಲ್ಲಿದ್ದ ದೊಡ್ಡ ಆಳು ಉಸಿರು ಬಿಗಿಹಿಡಿದು ಹೇಳಿದ, "ಏನ್ ನೋಡ್ತಾ ಕುಂತಿದ್ದೀಯಣ್ಣೋ, ನಲವತ್ತಡಿ ಅಷ್ಟೇ, ಐದು ನಿಮಿಷ, ಎಳ್ದಾಕ್‌ಬುಡಾನ!"

ಬಾವಿಯ ಒಳಗಿಂದ ಮೇಸ್ತ್ರಿಯ ಧ್ವನಿ ಮೊಳಗಿತು. "ಯಾಕ್ರಲಾ ನಿಲ್ಸಿದ್ರಿ? ಎಳೀರ್ಲಾ! ಒಟ್ಟೆ ಅಸೀತೈತೆ!"

ಪ್ರತಿ ಟಕ್ಕಿಗೂ ಪಿನ್ನು ಒಂದೊಂದು ಎಳೆ ಹೊರಗೆ ಸರಿಯುತ್ತಿತ್ತು. ನಲವತ್ತು ಅಡಿಗೆ ಎಷ್ಟು ಟಕ್ಕು? ನೂರಕ್ಕೂ ಹೆಚ್ಚು. ನಡುವೆ ಪಿನ್ನು ಕಳಚಿದರೆ ಹಿಡಿಕೆಗಳು ಹಿಂದಕ್ಕೆ ಸುತ್ತಿ ಇವರ ಕೈ ಮುರಿಯುತ್ತವೆ, ಬಕೆಟ್ಟು ಕಲ್ಲಿನಂತೆ ಬೀಳುತ್ತದೆ. ಕೆಳಗೆ ಇಳಿಸೋಣವೆಂದರೆ ಆ ಬ್ರೇಕನ್ನು ನಂಬುವ ಹಾಗಿರಲಿಲ್ಲ. ಅಷ್ಟರಲ್ಲಿ ಮೋಟಾರು ಗುರುಗುಟ್ಟುವುದು ನಿಂತು ಸುತ್ತೆಲ್ಲ ಮೌನವಾಯಿತು. ಕರೆಂಟು ಹೋಗಿತ್ತು. ತಳದಲ್ಲಿ ನೀರು ಜಿನುಗುವ ಸದ್ದು ಮೇಲಕ್ಕೇ ಕೇಳತೊಡಗಿತು. ಇಳಿಸುವ ದಾರಿಯೂ ಮುಚ್ಚಿತು.

ಹೊಲದ ಯಜಮಾನ ಓಡಿ ಬಂದ. "ಬೇರೆ ಅಗ್ಗ ತರ್ಸನಾ? ಬೇತಮಂಗಲದಲ್ಲಿ ಸಿಗ್ತದೆ, ಗಾಡಿ ಕಳಿಸ್ತೀನಿ," ಎಂದ.

"ಕಳ್ಸಿ ಯಜಮಾನ್ರೇ, ಜನಾನೂ ಕರ್ಸಿ. ಆದ್ರೆ ಅಲ್ಲೀಗಂಟ ಕಾಯಕ್ಕಾಗಲ್ಲ," ಎಂದೆ.

ಮೇಸ್ತ್ರಿಯ ಹೆಂಡತಿ ಹಿಡಿಕೆಯ ಮೇಲೆ ಇಡೀ ಮೈ ಭಾರ ಹಾಕಿ ನಿಂತಿದ್ದಳು. ಕುತ್ತಿಗೆಯ ನರಗಳು ಉಬ್ಬಿದ್ದವು. "ಏನಾಗೈತಣ್ಣ? ಸುಳ್ ಯೋಳ್‌ಬೇಡ," ಎಂದಳು.

ಕಬ್ಬಿಣ ಹಳೇದು, ವಿಂಚು ಹಳೇದು, ಕೆಸರು ಹೆಚ್ಚು, ಹೀಗೆ ಏನು ಬೇಕಾದರೂ ಹೇಳಬಹುದಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು. ಆದರೆ ನಾನು ಸುಳ್ಳು ಹೇಳಿದರೆ ಇವರು ಎಳೆದೇಬಿಡುತ್ತಾರೆ ಎಂದು ಗೊತ್ತಿತ್ತು.

"ತಪ್ಪು ನಂದು ತಂಗ್ಯಮ್ಮ. ಈ ಕೊಕ್ಕೆ ಇಡ್ಕಂಡಿರೋ ಸ್ಕ್ರೂ ನಾನೇ ಬದಲಾಯಿಸ್ದೆ. ಅಳತೆ ಬೇರೆದು ಆಕಿವ್ನಿ. ಎಳುದ್ರೆ ಕಿತ್ಕಂಡ್ ಬತ್ತದೆ. ಅರ್ಧ ಗಂಟೆ ಕೊಡು, ಸರಿ ಮಾಡ್ತೀನಿ."

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅಲ್ಲೀಗಂಟ ಅವ್ರು?" ಎಂದಳು.

"ತೂಗ್ತಾ ಇರ್ತಾರೆ. ಬೀಳದಂಗೆ ಗಾಲಿಗೆ ಆರೆ ಕೊಡ್ತೀನಿ."

ಅವಳು ಬಾವಿಯ ಕಡೆ ಮುಖ ತಿರುಗಿಸಿ ಕೂಗಿದಳು. "ಅರ್ಧ ಗಂಟೆ ಅಲ್ಲೇ ಇರು! ಅಗ್ಗ ಗಟ್ಯಾಗಿಡ್ಕೋ, ಅಲ್ಲಾಡ್‌ಬೇಡ!" ಆಮೇಲೆ ಆಳುಗಳಿಗೆ, "ಯಾರಾದ್ರೂ ಕೈ ಸಡ್ಲ ಬುಟ್ರೆ ನೋಡಿ," ಎಂದಳು. ಎಳೆಯೋಣವೆಂದಿದ್ದ ದೊಡ್ಡ ಆಳು ಕಾಲು ಅಗಲಿಸಿ ಹಿಡಿಕೆಗೆ ಎದೆಯೊಡ್ಡಿ ನಿಂತ.

ಯಜಮಾನ ಕೊಟ್ಟಿಗೆಯಿಂದ ಹಾರೆ ತಂದ. ದೊಡ್ಡ ಗಾಲಿಯ ಕಡ್ಡಿಗಳ ನಡುವೆ ಅದನ್ನು ತೂರಿಸಿ, ಎರಡು ತುದಿಯನ್ನೂ ವಿಂಚಿನ ಚೌಕಟ್ಟಿಗೆ ಆನಿಸಿದೆ. ಕಡ್ಡಿಗೂ ಹಾರೆಗೂ ನಡುವೆ ಎರಡು ಬೆರಳು ಜಾಗ ಉಳಿಯಿತು. ಆ ಎರಡು ಬೆರಳಷ್ಟು ಭಾರವನ್ನು ಕೊಕ್ಕೆಯ ಆಸರೆಯಿಲ್ಲದೆ, ಬರೀ ತೋಳಿನಲ್ಲಿ ಹಿಂದಕ್ಕೆ ಬಿಡಬೇಕಿತ್ತು. "ಒಂಚೂರು ಮುಂದ್ಕೆ," ಎಂದೆ. ಕೊಕ್ಕೆ ಹಗುರಾಯಿತು. ಎಡಗೈಯಲ್ಲಿ ಅದನ್ನು ಎತ್ತಿ ಹಿಡಿದೆ. "ಈಗ ಇಂದಕ್ಕೆ, ನಿಧಾನ, ನಿಧಾನ." ನಾಲ್ವರ ಪಾದಗಳೂ ಮಣ್ಣಿನಲ್ಲಿ ಜಾರಿದವು. ಗಾಲಿ ಕಿರ್ರೆಂದು ಬಂದು ಹಾರೆಗೆ ಕೂತಿತು. ಹಾರೆ ಸ್ವಲ್ಪ ಬಾಗಿತು, ಆಮೇಲೆ ನಿಂತಿತು. ಬಾಗಿದ್ದನ್ನು ನೋಡಿದವರು ನಾವಿಬ್ಬರೇ, ನಾನು ಮತ್ತು ಅವಳು. ಯಾರೂ ಹಿಡಿಕೆ ಬಿಡಲಿಲ್ಲ.

ಎರಡು ಸ್ಟಾರ್ ಸ್ಕ್ರೂ ಬೆರಳಿಗೇ ಬಂದವು. ಮೂರನೆಯದು ಬರಲಿಲ್ಲ. ಓರೆಯಾಗಿ ಕಚ್ಚಿಕೊಂಡಿತ್ತು. ಅದು ಇರುವ ತನಕ ಪಟ್ಟಿ ಸಮನಾಗಿ ಕೂರುವುದಿಲ್ಲ. ಡ್ರಿಲ್ಲಿಗೆ ಸ್ಟಾರ್ ಬಿಟ್ ಸಿಕ್ಕಿಸಿ ಒತ್ತಿದೆ. ಒಂದೇ ಸಲ ಗರ್ರೆಂದು ಮೇಲಕ್ಕೆ ಚಿಮ್ಮಿತು. ನಾಲ್ಕು ಮೂಲೆಯ ಗುಳಿ ದುಂಡಗಾಗಿ ತೂತಿನಂತಾಯಿತು.

ಸ್ಟಾರ್ ತಲೆಗೆ ಗುಣವೇ ಇಲ್ಲ ಎನ್ನಲಾರೆ. ಬಿಟ್ ತಾನಾಗಿ ನಡುವೆ ಬಂದು ಕೂರುತ್ತದೆ, ಪಕ್ಕಕ್ಕೆ ಜಾರಿ ಕೈಗೆ ಚುಚ್ಚುವುದಿಲ್ಲ, ದಿನಕ್ಕೆ ನೂರು ಸ್ಕ್ರೂ ಹಾಕುವವರಿಗೆ ಅದೇ ಸರಿ. ಆರು ಮೂಲೆಯ ಗುಳಿಯಿರುವ ಅಲೆನ್ ತಲೆ ಇನ್ನೂ ಬಲವಾದದ್ದು, ಆದರೆ ಗುಳಿಯಲ್ಲಿ ಕೆಸರು ಗಟ್ಟಿಯಾದರೆ ಕೀಲಿ ಒಳಗಿಳಿಯುವುದಿಲ್ಲ. ಒಂಟಿ ಗೀಟು ಮುದುಕರ ಹಾಗೆ, ನಿಧಾನ, ಹಟಮಾರಿ. ಆದರೆ ಮೊಳೆಯ ತುದಿಯಲ್ಲಿ ಒಮ್ಮೆ ಗೀರಿದರೆ ಶುಚಿಯಾಗುತ್ತದೆ. ಹಾಳಾದರೆ ಅದೇ ಜಾಗದಲ್ಲಿ ಇನ್ನೊಂದು ಗೀಟು ಕೊಯ್ಯಬಹುದು.

ಕೊಯ್ಯುವುದೇ ಸರಿ ಎನಿಸಿತು. ಚೀಲದಲ್ಲಿ ಗರಗಸದ ಮುರಿದ ಬ್ಲೇಡಿತ್ತು. ಒಂದು ತುದಿಗೆ ಕರವಸ್ತ್ರ ಸುತ್ತಿ, ಆ ಹಾಳು ತಲೆಯ ಮೇಲೆ ಅಡ್ಡಕ್ಕೆ ಎಳೆಯತೊಡಗಿದೆ. ಮುಂದಕ್ಕೆ ಹೋದಾಗ ಮಾತ್ರ ಕೊಯ್ಯುತ್ತದೆ, ಹಿಂದಕ್ಕೆ ಒತ್ತಿದರೆ ಹಲ್ಲು ಹೋಗುತ್ತದೆ. ಅವಸರ ಮಾಡಿದಷ್ಟೂ ಬ್ಲೇಡು ಜಾರುತ್ತಿತ್ತು. ಬೆರಳು ಕೊಯ್ದು ರಕ್ತ ಬಂತು. ಕೆಳಗಿಂದ ಮೇಸ್ತ್ರಿ, "ಕಾಲು ಜೋಮು ಇಡೀತಾ ಐತೆ ಕಣೇ," ಎಂದ. ಧ್ವನಿಯಲ್ಲಿ ಮೊದಲಿನ ಜೋರು ಇರಲಿಲ್ಲ.

"ಮನೇಲಿ ಒಂದ್ ಕೊಡ ನೀರ್ ತಂದ್ಕೊಡು ಅಂದ್ರೆ ಕಾಲ್ ನೋವು, ಈಗ ಬಾವೀಲೂ ಕಾಲ್ ನೋವಾ?" ಎಂದು ಅವಳು ಕೂಗಿದಳು. ಆಳುಗಳು ನಕ್ಕರು. ಅವಳು ನಗಲಿಲ್ಲ. ಹಿಡಿಕೆಯ ಮೇಲೆ ಅವಳ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಗೀಟು ಸಿದ್ಧವಾಯಿತು. ಮಾವನ ತಿರುಪುಳಿ ಇಟ್ಟು ತಿರುಗಿಸಿದೆ. ಮುರಿದ ಮೂಲೆಯಿಂದಾಗಿ ಒಂದೇ ಪಕ್ಕ ಹಿಡಿದು ಆಚೆ ಜಾರಿತು. ಇನ್ನೊಮ್ಮೆ ಜಾರಿದರೆ ಈ ತಲೆಯೂ ಹೋಗುತ್ತದೆ. ಗ್ರೀಸ್ ಡಬ್ಬ ನೆನಪಾಗಿ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವ ಹಾಗಾಯಿತು. "ಯಜಮಾನ್ರೇ, ಕುಡ್ಗೋಲು ಮಸೆಯೋ ಕಲ್ಲು ಐತಾ?" ಎಂದೆ.

ಒಬ್ಬ ಮನುಷ್ಯ ಗಾಳಿಯಲ್ಲಿ ತೂಗುತ್ತಿರುವಾಗ ನಾನು ಬಾವಿಕಟ್ಟೆಯ ಮೇಲೆ ಕೂತು ಸ್ಕ್ರೂಡ್ರೈವರ್ ಮಸೆಯುತ್ತಿದ್ದೆ. ಅದಕ್ಕಿಂತ ಉದ್ದದ ಹೊತ್ತನ್ನು ನನ್ನ ಆಯಸ್ಸಿನಲ್ಲಿ ನಾನು ಕಳೆದಿಲ್ಲ. ಮುರಿದ ಮೂಲೆಯ ಮಟ್ಟಕ್ಕೆ ಇಡೀ ತುದಿಯನ್ನು ಸವೆಸಬೇಕು. ಆಮೇಲೆ ಎರಡು ಮುಖ. ತುದಿ ಉಳಿಯ ಹಾಗೆ ಚೂಪಾಗಿದ್ದರೆ ಗೀಟಿನಿಂದ ಮೇಲಕ್ಕೆ ಹತ್ತಿಬಿಡುತ್ತದೆ. ಎರಡೂ ಮುಖ ಸಮವಾಗಿದ್ದು, ಗೀಟಿನ ತಳಕ್ಕೆ ಇಳಿದು, ಎರಡೂ ಗೋಡೆಗೆ ಅಂಟಿ ಕೂರಬೇಕು. ಇದನ್ನು ಮಾವ ನನಗೆ ಹತ್ತು ಸಲವಾದರೂ ಹೇಳಿದ್ದರು. ಹತ್ತು ಎಳೆತ ಒಂದು ಮುಖಕ್ಕೆ, ಹತ್ತು ಇನ್ನೊಂದಕ್ಕೆ. ಗೀಟಿಗೆ ಇಟ್ಟು ನೋಡುವುದು, ಮತ್ತೆ ಮಸೆಯುವುದು. ಹಾರೆ ಒಮ್ಮೆ ಕಿರ್ರೆಂದಿತು. ದೊಡ್ಡ ಆಳು "ಅಯ್ಯಪ್ಪಾ" ಎಂದು ಕಣ್ಣು ಮುಚ್ಚಿದ.

"ಅತ್ತ ನೋಡ್‌ಬೇಡಣ್ಣ," ಎಂದಳು ಮೇಸ್ತ್ರಿಯ ಹೆಂಡತಿ ನನಗೆ. "ನಿನ್ ಕೆಲ್ಸ ನೋಡು. ಇದು ನಾವ್ ಇಡ್ಕಂಡಿದ್ದೀವಿ."

ನಾಲ್ಕನೇ ಸಲ ತುದಿ ಗೀಟಿನಲ್ಲಿ ಕೂತಿತು. ಅಲುಗಿಸಿದರೆ ಅಲುಗಲಿಲ್ಲ. ಚೌಕ ಕಂಬಿಗೆ ಸ್ಪ್ಯಾನರು ಹಾಕಿ, ಎದೆಯಿಂದ ಹಿಡಿಯನ್ನು ಒ‌ತ್ತಿ, ಸ್ಪ್ಯಾನರನ್ನು ಎಳೆದೆ. ಕಟ್ ಎಂದಿತು. ತಲೆ ಮುರಿಯಿತೆಂದುಕೊಂಡೆ. ಇಲ್ಲ, ಸ್ಕ್ರೂ ಬಿಟ್ಟುಕೊಟ್ಟಿತ್ತು.

ಪಿನ್ನನ್ನು ಸುತ್ತಿಗೆಯಿಂದ ತಟ್ಟಿ ಒಳಗೆ ಕಳಿಸಿದೆ. ಬಂಗಾರಪೇಟೆಯ ಪೊಟ್ಟಣ ಬಿಚ್ಚಿದೆ. ಮೂರು ಹಳೇ ಸ್ಕ್ರೂಗಳ ತಲೆಗೂ ಬ್ಲೇಡಿನಿಂದ ಗೀಟು ಆಳ ಮಾಡಿದೆ. ತುಕ್ಕು ಒರೆಸಿದಾಗ ಅಂಚಿನಲ್ಲಿ ಚುಕ್ಕೆಗಳು ಕಂಡವು. ಒಂದು, ಎರಡು, ನಾಲ್ಕು. ಓರೆಯಾಗಿದ್ದದ್ದು ಮೂರು ಚುಕ್ಕೆಯದು. ಯಾರೋ ಒಬ್ಬ ಫಿಟ್ಟರು ಎಂದೋ ಕೂತು ಗುದ್ದಿದ ಚುಕ್ಕೆ ನನಗೆ ದಾರಿ ಹೇಳುತ್ತಿತ್ತು. ನನಗೆ ಅಳು ಬಂದಂತಾಯಿತು, ನಾಚಿಕೆಯಿಂದ.

ಸ್ಕ್ರೂವನ್ನು ಮೊದಲು ಹಿಂದಕ್ಕೆ ತಿರುಗಿಸಬೇಕು. ಥ್ರೆಡ್ಡಿನ ಬಾಯಿ ಸಿಕ್ಕಿದಾಗ ಸಣ್ಣಗೆ ಟಿಕ್ ಎಂದು ಇಳಿಯುತ್ತದೆ, ಬೆರಳಿಗಷ್ಟೇ ಗೊತ್ತಾಗುವಂತೆ. ಆಮೇಲೆ ಮುಂದಕ್ಕೆ. ಒಂದನೆಯದು ಇಳಿಯಿತು, ಬಿಗಿಯಾಯಿತು, ನೆಟ್ಟಗೆ ನಿಂತಿತು. ಎರಡನೆಯದೂ ನಿಂತಿತು. ಮೂರನೆಯದನ್ನು ಬಿಚ್ಚಿ ಮತ್ತೆ ಹಾಕಿದೆ, ನಿಂತಿತು. ನಾಲ್ಕನೆಯದು ನಿಲ್ಲಲಿಲ್ಲ. ಅದರ ತೂತಿನ ಥ್ರೆಡ್ಡನ್ನು ನನ್ನ ಹೊಸ ಸ್ಕ್ರೂ ತಿಂದುಹಾಕಿತ್ತು. ತಿರುಗಿಸಿದರೆ ತಿರುಗುತ್ತಲೇ ಇತ್ತು.

"ಮೂರು ಗಟ್ಟಿ ಐತೆ, ಒಂದಿಲ್ಲ," ಎಂದು ಅವಳಿಗೆ ಹೇಳಿದೆ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. "ಮೂರು ಸಾಕು. ಆದ್ರೂ ಮೆಲ್ಲಗೆ ಎಳ್ಯಾನ. ಗೀಟು ಒಂದಲುಗಿದ್ರೂ ನಿಲ್ಸು ಅಂತೀನಿ. ಅಷ್ಟೊತ್ತಿಗೆ ಆರೆ ತೂರ್ಸಕ್ಕೆ ಯಜಮಾನ್ರು ರೆಡಿ ಇರ್ಲಿ."

ಹಿಡಿಕೆಯನ್ನು ಒಂಚೂರು ಮುಂದಕ್ಕೆ ತಿರುಗಿಸಿ ಹಾರೆ ತೆಗೆದೆವು. ಕೊಕ್ಕೆ ಹಲ್ಲಿಗೆ ಬಿತ್ತು. ಟಕ್. ಆ ಸದ್ದು ಒಂಟಿಯಾಗಿತ್ತು, ಗಟ್ಟಿಯಾಗಿತ್ತು. ನಾನು ಪಟ್ಟಿಯಿಂದ ಕಣ್ಣು ತೆಗೆಯಲಿಲ್ಲ. ಹತ್ತು ಟಕ್ಕಿಗೊಮ್ಮೆ ನಿಲ್ಲಿಸಿ ಹೆಬ್ಬೆರಳಲ್ಲಿ ಒರೆಸಿ ನೋಡುತ್ತಿದ್ದೆ. ಮೂರು ಗೀಟೂ ನೆಟ್ಟಗಿದ್ದವು. ಮೆಟ್ಟಿಲುಗಲ್ಲಿನ ಮಟ್ಟಕ್ಕೆ ಬಂದಾಗ ಮೇಸ್ತ್ರಿ ಒಂದು ಕೈಯಿಂದ ಕಲ್ಲನ್ನು ಮುಟ್ಟಿದ. ಮುಟ್ಟಿದವನು ಮೇಲೆ ಬರುವ ತನಕ ಒಂದೊಂದು ಕಲ್ಲನ್ನೂ ಮುಟ್ಟುತ್ತಲೇ ಬಂದ.

ಕಟ್ಟೆಯ ಮೇಲೆ ಕಾಲಿಟ್ಟವನೇ ಹಾಗೇ ಕುಸಿದು ಕೂತ. ಹೆಂಡತಿ ಚೊಂಬಿನ ನೀರನ್ನು ಅವನ ತಲೆಯ ಮೇಲೆ ಸುರಿದಳು, ಇನ್ನೊಂದು ಚೊಂಬು ಕುಡಿಸಿದಳು. ಆಮೇಲೆ ಟೊಮೆಟೊ ಸಾಲಿನ ಆಚೆಗೆ ಹೋಗಿ ಬೆನ್ನು ತಿರುಗಿಸಿ ನಿಂತಳು. ಬೇತಮಂಗಲದಿಂದ ಹಗ್ಗ ಬಂದದ್ದು ಅದಾದ ಮೇಲೆ.

ಸಂಜೆ ಊರಿಗಾಂಗೆ ಹೋಗಿ ಮಾವನಿಗೆ ಎಲ್ಲವನ್ನೂ ಹೇಳಿದೆ. ಗ್ರೀಸ್ ಡಬ್ಬದ ವಿಷಯವನ್ನೂ ಬಿಡಲಿಲ್ಲ. ಅವರು ತಿರುಪುಳಿಯ ತುದಿಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದರು. "ಯಾವ ಕಲ್ಲಲ್ಲಿ ಮಸೆದ್ರಿ?"

"ಕುಡ್ಗೋಲು ಕಲ್ಲಲ್ಲಿ."

"ಉಂ. ಎಡಗಡೆ ಮುಖ ಇನ್ನೂ ಒಂದೆಳೆ ಇಳೀಬೇಕಿತ್ತು," ಎಂದರು. ತಮ್ಮ ಪೆಟ್ಟಿಗೆಯಿಂದ ಹಳೇ ಥ್ರೆಡ್ಡು ಕೊರೆಯುವ ಟ್ಯಾಪು ತೆಗೆದರು. ಹಾಳಾದ ತೂತಿಗೆ ಒಂದಳತೆ ದೊಡ್ಡ ಥ್ರೆಡ್ಡು ಕೊರೆಯುವುದನ್ನು ತೋರಿಸಿಕೊಟ್ಟರು. ಅದಕ್ಕೆ ಸರಿಯಾದ ಗೀಟಿನ ಸ್ಕ್ರೂ ಒಂದನ್ನೂ ಹುಡುಕಿದರು. ಅದರ ಅಂಚಿಗೆ ನಾಲ್ಕು ಚುಕ್ಕೆ ನಾನೇ ಗುದ್ದಿದೆ.

ಮರುದಿನ ಬೆಳಿಗ್ಗೆ ಬಾವಿಯ ಹತ್ತಿರ ಮೇಸ್ತ್ರಿ, ಅವನ ಹೆಂಡತಿ, ಆಳುಗಳು ಬರುತ್ತಾರೋ ಇಲ್ಲವೋ ಎಂಬ ಅನುಮಾನವಿತ್ತು. ಎಲ್ಲರೂ ಬಂದಿದ್ದರು. ಕೆಲಸ ಒಂದು ದಿನದ್ದು ಬಾಕಿ. ನಾನು ಬ್ರೇಕನ್ನು ಬಿಗಿ ಮಾಡಿ, ತೂತು ಕೊರೆದು, ನಾಲ್ಕನೇ ಸ್ಕ್ರೂ ಹಾಕಿ, ಪಟ್ಟಿಯನ್ನು ಒರೆಸಿದೆ. ಮೇಸ್ತ್ರಿ ಎದ್ದು ಬಕೆಟ್ಟಿನ ಕಡೆ ನಡೆದ. ಅವನ ಹೆಂಡತಿ ತೋಳು ಹಿಡಿದು ನಿಲ್ಲಿಸಿದಳು.

"ನೆಟ್ಟಗೆ ಅಂದ್ರೆ ಎಂಗಿರ್ಬೇಕು ತೋರ್ಸಣ್ಣ," ಎಂದು ನನ್ನನ್ನು ಕೇಳಿದಳು.

ತೋರಿಸಿದೆ. ಅವಳು ನಾಲ್ಕು ಗೀಟುಗಳಲ್ಲೂ ಒಂದೊಂದಾಗಿ ಉಗುರು ಇಟ್ಟು ಮೇಲಿಂದ ಕೆಳಕ್ಕೆ ಎಳೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮೊದ್ನೇ ದಿನ ನೀನೇ ಯೋಳಿದ್ಯಲ್ಲ, ರಿಪೇರಿ ಮಾಡ್ದೋರೇ ಮೊದ್ಲು ಇಳೀಬೇಕು ಅಂತ. ಇಳಿ."

ಮೇಸ್ತ್ರಿ, "ಏ, ಸುಮ್ಕಿರೇ, ದೊಡ್ಡೋರು ಅವ್ರು," ಎಂದ. ಅವಳು ಅವನ ಕಡೆ ನೋಡಲೂ ಇಲ್ಲ.

ನಾನು ಚಪ್ಪಲಿ ಬಿಟ್ಟು ಬಕೆಟ್ಟಿನಲ್ಲಿ ನಿಂತೆ. ಬ್ರೇಕಿಗೆ ಯಜಮಾನ, ಹಿಡಿಕೆಗೆ ನಾಲ್ವರು. ಮೆಟ್ಟಿಲುಗಲ್ಲುಗಳು ಮೇಲಕ್ಕೆ ಹೋದವು, ಆಮೇಲೆ ಬರೀ ಬಂಡೆ. ಅಷ್ಟು ದಿನ ಮೇಲೆ ನಿಂತು ಇಳಿ ಎಂದಿದ್ದ ನನಗೆ ಆ ನಲವತ್ತು ಅಡಿ ಎಷ್ಟು ಉದ್ದ ಎಂಬುದು ಗೊತ್ತಿರಲಿಲ್ಲ. ಕಾಲು ತಣ್ಣನೆಯ ಹೂಳಿಗೆ ಇಳಿಯಿತು. ತಲೆಯೆತ್ತಿದರೆ ತಟ್ಟೆಯಷ್ಟು ಆಕಾಶ. ಅದರ ಅಂಚಿನಲ್ಲಿ ಅವಳ ಮುಖ ಒಂದು ಸಲ ಕಂಡು ಮರೆಯಾಯಿತು. ವಿಂಚಿನ ಹತ್ತಿರ ಹೋಗಿ ನೋಡುತ್ತಿದ್ದಾಳೆಂದು ತಿಳಿಯಿತು. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಕಾದೆ.

"ಅಣ್ಣಾ!" ಎಂದು ಮೇಲಿಂದ ಕೂಗಿದಳು. "ನಾಲ್ಕೂ ನೆಟ್ಟಗವೆ. ಎಳೀಲಾ?"

"ಎಳಿಯಮ್ಮ," ಎಂದೆ.